ತಿದಿ ಒತ್ತುವವರು ಯಾರು?

ಪ್ರಿಯ ಮಿತ್ರರೇ,

ನಿಮ್ಮ ಚಿತ್ರಕಥೆಯನ್ನು ಎರಡು ಸಲ ಓದಿದೆ. ಗಣಿತದಲ್ಲಿ ನಪಾಸಾದ ಆರು ಹುಡುಗರು, ಅವರಿಗೊಬ್ಬ ಸಂಗೀತದ ಮೇಷ್ಟ್ರು, ಕೊನೆಗೆ ಜಿಲ್ಲಾ ಮಟ್ಟದ ಸ್ಪರ್ಧೆಯಲ್ಲಿ ಮೊದಲ ಬಹುಮಾನ, ಅದರ ಬೆನ್ನಿಗೇ ಪೂರಕ ಪರೀಕ್ಷೆಯಲ್ಲಿ ಪಾಸು. ಹುಡುಗರ ಮಾತುಕತೆ ಓದಿ ನಾನು ನಿಜವಾಗಿಯೂ ನಕ್ಕೆ. ಆದರೆ ಸಂಗೀತ ಶುರುವಾದ ಕಡೆಯಲ್ಲೆಲ್ಲ ನಿಮ್ಮ ಹಾಸ್ಯ ನಿಂತುಹೋಗುತ್ತದೆ. ಅಲ್ಲಿಯವರೆಗೆ ತುಂಟರಾಗಿದ್ದ ನೀವು ಗುಡಿಯ ಬಾಗಿಲಿಗೆ ಬಂದವರಂತೆ ಚಪ್ಪಲಿ ಬಿಟ್ಟು, ಕೈಮುಗಿದು, ಗಂಭೀರರಾಗಿಬಿಡುತ್ತೀರಿ. ಈ ಪತ್ರ ಆ ಒಂದು ತೊಡಕಿನ ಕುರಿತು.

ಇದೇ ಬಗೆಯ ವಸ್ತುವಿನ ಮೇಲೆ 2004ರಲ್ಲಿ ಜಪಾನಿನ ನಿರ್ದೇಶಕ ಶಿನೊಬು ಯಗುಚಿ ಬರೆದು ತೆಗೆದ ‘ಸ್ವಿಂಗ್ ಗರ್ಲ್ಸ್’ ಚಿತ್ರವನ್ನು ದಯವಿಟ್ಟು ಕಾಗದ ಪೆನ್ನು ಹಿಡಿದು ಕುಳಿತು ನೋಡಿ. ಈಶಾನ್ಯ ಜಪಾನಿನ ಯಮಗಾತ ಎಂಬ ಗ್ರಾಮೀಣ ಸೀಮೆ; ಬೇಸಿಗೆ ರಜೆಯಲ್ಲಿ ಗಣಿತದ ಹೆಚ್ಚುವರಿ ತರಗತಿಗೆ ಕೂರಬೇಕಾಗಿ ಬಂದ ಹುಡುಗಿಯರು; ಅವರ ಬಾಯಲ್ಲಿ ರಾಜಧಾನಿಯ ಭಾಷೆಯಲ್ಲ, ಆ ಸೀಮೆಯದೇ ಆಡುಮಾತು. ಶಾಲೆಯ ಬ್ಯಾಂಡಿನವರಿಗೆ ಬುತ್ತಿ ತಲುಪಿಸುವ ನೆಪ ಸಿಕ್ಕಿದ್ದೇ ತಡ, ಇವರು ತರಗತಿಯಿಂದ ಪಾರಾಗುತ್ತಾರೆ. ರೈಲಿನಲ್ಲಿ ನಿದ್ದೆ ಹೋಗಿ ಇಳಿಯಬೇಕಾದ ನಿಲ್ದಾಣ ದಾಟುತ್ತದೆ, ಬಿಸಿಲಿಗೆ ಬುತ್ತಿ ಹಳಸುತ್ತದೆ, ಅದನ್ನು ಉಂಡ ಬ್ಯಾಂಡಿನವರೆಲ್ಲ ಆಸ್ಪತ್ರೆ ಸೇರುತ್ತಾರೆ. ಬುತ್ತಿ ಸಿಗದೆ ಉಳಿದುಕೊಂಡ ಒಬ್ಬನೇ ಹುಡುಗ, ತಪ್ಪು ಮಾಡಿದವರನ್ನೇ ಹಿಡಿದು, ಜಾಸ್ ಎಂಬ ಅಮೆರಿಕದ ಸಂಗೀತ ನುಡಿಸುವ ತಂಡ ಕಟ್ಟಲು, ಕೈಗೆ ವಾದ್ಯ ಕೊಡುತ್ತಾನೆ. ಸಂಗೀತ ಅವರ ಬಳಿಗೆ ಬಂದದ್ದು ಹಳಸಿದ ಅನ್ನದ ದಾರಿಯಲ್ಲಿ. ಅವರಲ್ಲಿ ಯಾರಿಗೂ ಜಾಸ್ ಮೇಲೆ ಪ್ರೀತಿಯಿರಲಿಲ್ಲ. ಗಣಿತದ ಮೇಷ್ಟ್ರಿಂದ ತಪ್ಪಿಸಿಕೊಂಡರೆ ಸಾಕಿತ್ತು.

ನಿಮ್ಮ ಹುಡುಗ ಮಾತ್ರ ಮೂರನೆಯ ದೃಶ್ಯದಲ್ಲೇ ದೂರದಿಂದ ಕೊಳಲಿನ ದನಿ ಕೇಳಿ ಕಣ್ಣು ತುಂಬಿಕೊಳ್ಳುತ್ತಾನೆ. ಅಷ್ಟು ಬೇಗ ಕಣ್ಣು ತುಂಬಿದವನಿಗೆ ಮುಂದೆ ಕಲಿಯಲು ಏನು ಉಳಿಯಿತು?

ಯಗುಚಿಯ ಹುಡುಗಿಯರಿಗೆ ಮೊದಲು ಉಸಿರೇ ಸಾಲದು. ಕಿಟಕಿಯ ಗಾಜಿಗೆ ತೆಳುವಾದ ಟಿಶ್ಯೂ ಕಾಗದವನ್ನು ಇಟ್ಟು, ಕೈಬಿಟ್ಟು, ಬರೀ ಬಾಯಿಯ ಗಾಳಿಯಿಂದ ಅದು ಬೀಳದಂತೆ ಹಿಡಿಯಬೇಕು. ಕೆನ್ನೆ ಉಬ್ಬುತ್ತದೆ, ಮುಖ ಕೆಂಪಾಗುತ್ತದೆ, ಕಾಗದ ಬೀಳುತ್ತದೆ. ನಾವು ನಗುತ್ತೇವೆ, ನಗುತ್ತಲೇ ಊದುವ ವಾದ್ಯಕ್ಕೆ ಎಷ್ಟು ಗಾಳಿ ಬೇಕೆಂಬುದನ್ನೂ ತಿಳಿದುಕೊಳ್ಳುತ್ತೇವೆ. ಇನ್ನೊಂದು ದೃಶ್ಯದಲ್ಲಿ, ರಸ್ತೆ ದಾಟುವವರಿಗೆಂದು ಸಿಗ್ನಲ್ ಕಂಬ ನುಡಿಸುವ ಸಾದಾ ಧಾಟಿಗೆ ಚಪ್ಪಾಳೆ ತಟ್ಟುವಾಗ, ನಾಲ್ಕು ಎಣಿಕೆಯಲ್ಲಿ ಒಂದು ಮತ್ತು ಮೂರರ ಬದಲು ಎರಡು ಮತ್ತು ನಾಲ್ಕರ ಮೇಲೆ ತಟ್ಟಿದರೆ ಅದೇ ಧಾಟಿ ಸೊಂಟ ಕುಣಿಸುತ್ತದೆ ಎಂಬುದು ಅವರಿಗೆ ಹೊಳೆಯುತ್ತದೆ. (ನಮ್ಮ ತಾಳದಲ್ಲಿ ಎಣಿಕೆ ಬಿದ್ದ ಮೇಲೆ ಹಾಡು ಎತ್ತಿಕೊಳ್ಳುವ ಅನಾಗತ ಎಡುಪು ಬೇರೆ, ಇದು ಬೇರೆ, ಆದರೂ ಎಣಿಕೆಯಿಂದ ತುಸು ಜಾರಿ ನಿಲ್ಲುವ ಆ ಸುಖ ತಾಳ ಹಾಕಿ ಬಲ್ಲವರಿಗೆ ಅಪರಿಚಿತವಲ್ಲ.) ಜಾಸ್‌ನ ಆ ತೂಗಾಡುವ ಲಯಕ್ಕೇ ‘ಸ್ವಿಂಗ್’ ಎನ್ನುವುದು. ಇಡೀ ಚಿತ್ರದ ಹೆಸರಿಗೆ ಅರ್ಥ ಸಿಕ್ಕಿದ್ದು ಉಪನ್ಯಾಸದಿಂದಲ್ಲ, ರಸ್ತೆಬದಿಯ ಸಿಗ್ನಲ್ಲಿನಿಂದ.

ಈ ಪಾಠ ನನಗೆ ತಡವಾಗಿ ದಕ್ಕಿತು. ಪ್ರಾಯದಲ್ಲಿ ಒಂದು ಹವ್ಯಾಸಿ ತಂಡಕ್ಕೆ ನಾಟಕ ಬರೆದುಕೊಟ್ಟಿದ್ದೆ. ಅದರಲ್ಲಿ ಶಾಲೆ ಬಿಟ್ಟ ಹುಡುಗನೊಬ್ಬ ಹಾರ್ಮೋನಿಯಂ ನುಡಿಸುತ್ತ ತಾಯಿಯನ್ನು ನೆನೆದು ಅಳುವ ದೃಶ್ಯವಿತ್ತು. ಓದು ಮುಗಿದಾಗ ಎಲ್ಲರೂ ಸುಮ್ಮನಿದ್ದರು. ಮೂಲೆಯಲ್ಲಿ ಕುಳಿತಿದ್ದ ವಯಸ್ಸಾದ ಪೇಟಿ ಮಾಸ್ತರರು ಮಾತ್ರ ಕೇಳಿದರು: “ಬಲಗೈಲೆ ಬಾರಸ್ತಾನ, ಎಡಗೈಲೆ ಕಣ್ಣೀರ ಒರಸ್ಕೋತಾನ. ತಿದಿ ಯಾರ ಒತ್ತತಾರ್ರಿ?” ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನು ಅವಮಾನದಿಂದ ಆ ದೃಶ್ಯವನ್ನೇ ಕಿತ್ತುಹಾಕಿದೆ. ಈಗ ಅನ್ನಿಸುತ್ತದೆ, ಅಂದು ಕಿತ್ತುಹಾಕಬೇಕಾದದ್ದು ದೃಶ್ಯವನ್ನಲ್ಲ; ಅಳು ತಡೆಯಲಾಗದೆ ಹುಡುಗ ಎಡಗೈ ಎತ್ತಿದೊಡನೆ ಪೇಟಿಯ ದನಿ ಉಸ್ಸೆಂದು ಅಡಗುವುದನ್ನು ಬರೆದಿದ್ದರೆ ನಗುವೂ ಇರುತ್ತಿತ್ತು, ತಾಯಿಯೂ ಇರುತ್ತಿದ್ದಳು.

ಇನ್ನು ನಿಮ್ಮ ಮೇಷ್ಟ್ರು. ಅವರಿಗೆ ಎಲ್ಲವೂ ಬರುತ್ತದೆ, ಎಲ್ಲವನ್ನೂ ಹೇಳಿಕೊಡುತ್ತಾರೆ, ಒಮ್ಮೆಯೂ ಪೆಚ್ಚಾಗುವುದಿಲ್ಲ. ‘ಸ್ವಿಂಗ್ ಗರ್ಲ್ಸ್’ನ ಗಣಿತದ ಮೇಷ್ಟ್ರನ್ನು ನೋಡಿ: ಮನೆ ತುಂಬ ಜಾಸ್ ಧ್ವನಿಮುದ್ರಿಕೆಗಳು, ಎದೆ ತುಂಬ ಜಾಸ್, ಸ್ಯಾಕ್ಸೊಫೋನ್ ಬಾಯಿಗಿಟ್ಟರೆ ಮಾತ್ರ ಕೇಳಲಾಗದು. ಎಲ್ಲರಿಗಿಂತ ಹೆಚ್ಚು ಪ್ರೀತಿಯಿರುವವನಿಗೇ ವಿದ್ಯೆ ಒಲಿಯದಿರುವುದು ಹಾಸ್ಯದ ಮಾತೋ ದುಃಖದ ಮಾತೋ ಹೇಳುವುದು ಕಷ್ಟ, ಮತ್ತು ಚಿತ್ರ ಅದನ್ನು ಬಿಡಿಸಿ ಹೇಳುವ ಗೋಜಿಗೆ ಹೋಗುವುದಿಲ್ಲ.

ಅಳುವಿಗೂ ಅಲ್ಲಿ ಜಾಗವಿದೆ. ಹುಡುಗಿಯರ ಕೈಗೆ ವಾದ್ಯ ಈಗಷ್ಟೇ ಒಗ್ಗಿದಾಗ ಆಸ್ಪತ್ರೆಯಿಂದ ಬ್ಯಾಂಡಿನವರು ಮರಳಿ ಬರುತ್ತಾರೆ. ಸದ್ಯ, ಪೀಡೆ ತೊಲಗಿತು ಎಂಬಂತೆ ವಾದ್ಯಗಳನ್ನು ಒಪ್ಪಿಸಿ ಹೊರಬಂದವರು ಹೊರಗೆ ಒಟ್ಟಾಗಿ ಅತ್ತುಬಿಡುತ್ತಾರೆ. ಪ್ರೀತಿ ಹುಟ್ಟಿತ್ತೆಂಬುದು ನಮಗೂ ಅವರಿಗೂ ಗೊತ್ತಾಗುವುದು ಕೈ ಖಾಲಿಯಾದ ಆ ಹೊತ್ತಿನಲ್ಲಿ. ಆಮೇಲೆ ನಾಯಕಿ ತೊಮೊಕೊ ಮನೆಯ ಕಂಪ್ಯೂಟರನ್ನೂ ತಂಗಿಯ ವಿಡಿಯೊ ಗೇಮ್ ಯಂತ್ರವನ್ನೂ ಮಾರಿ ಹಳೆಯ ಸ್ಯಾಕ್ಸೊಫೋನ್ ಕೊಳ್ಳುತ್ತಾಳೆ. ದುಡ್ಡಿಗಾಗಿ ಸೂಪರ್ ಮಾರ್ಕೆಟ್ಟಿನಲ್ಲಿ ದುಡಿಯುವುದು, ಯಾರದೋ ಗುಡ್ಡದಲ್ಲಿ ಬೆಲೆಬಾಳುವ ಅಣಬೆ ಕೀಳಲು ಹೋಗಿ ಕಾಡುಹಂದಿಗೆ ಸಿಕ್ಕಿಬೀಳುವುದು, ಎಲ್ಲವೂ ಆಗುತ್ತದೆ. ಹಂದಿ ಎರಗುವ ಗಳಿಗೆಗಳನ್ನು ನಿಂತ ಚಿತ್ರಗಳಂತೆ ತೋರಿಸುತ್ತ, ಹಿನ್ನೆಲೆಯಲ್ಲಿ ಜಾಸ್ ಗಾಯಕ ಲೂಯಿ ಆರ್ಮ್‌ಸ್ಟ್ರಾಂಗ್ ಜಗತ್ತು ಎಷ್ಟು ಚೆಂದವೆಂದು ಹಾಡುವಂತೆ ಮಾಡಿದ ಯಗುಚಿಯ ಧೈರ್ಯಕ್ಕೆ ನಾನು ಇಂದಿಗೂ ತಲೆದೂಗುತ್ತೇನೆ.

ಮುಕ್ತಾಯದ ವಿಷಯ. ಸ್ಪರ್ಧೆ ಗೆದ್ದರೆ ಶಾಲೆ ಉಳಿಯುತ್ತದೆ ಎಂಬ ಕಟ್ಟು 1993ರ ಹಾಲಿವುಡ್ ಚಿತ್ರ ‘ಸಿಸ್ಟರ್ ಆಕ್ಟ್ 2’ರಲ್ಲಿದೆ, ಅದಕ್ಕೂ ಹಿಂದಿನಿಂದ ಬಂದದ್ದು, ನೀವೂ ಆ ಗೆಲುವಿನ ಕಟ್ಟನ್ನೇ ಎತ್ತಿಕೊಂಡಿದ್ದೀರಿ, ತಪ್ಪೇನಿಲ್ಲ. ಆದರೆ ಬಹುಮಾನವನ್ನು ಘೋಷಿಸದೆಯೂ ಚಿತ್ರ ತುಂಬಿಬರಬಹುದು. ‘ಸ್ವಿಂಗ್ ಗರ್ಲ್ಸ್’ನಲ್ಲಿ ತೊಮೊಕೊ ಸಂಗೀತೋತ್ಸವದ ಅರ್ಜಿಯ ವಿಡಿಯೊವನ್ನು ತಡವಾಗಿ ಕಳುಹಿಸಿದ್ದರಿಂದ ಇವರಿಗೆ ವೇದಿಕೆಯೇ ಇಲ್ಲ. ಹಿಮದಿಂದಾಗಿ ಬೇರೊಂದು ತಂಡ ಬರಲಾಗದೆ ಕೊನೆಗಳಿಗೆಯಲ್ಲಿ ಜಾಗ ತೆರವಾಗುತ್ತದೆ, ಇವರು ನುಡಿಸುತ್ತಾರೆ, ಚಿತ್ರ ಮುಗಿಯುತ್ತದೆ. ತಿಂಗಳುಗಟ್ಟಲೆ ಅಭ್ಯಾಸ ಮಾಡಿ ನಟಿಯರೇ ನುಡಿಸಿದ್ದರಿಂದ ಬೇರೆ ಪದಕ ಬೇಕಾಗುವುದಿಲ್ಲ. ಅವರು ಗಣಿತದಲ್ಲಿ ಪಾಸಾದರೇ ಎಂದು ಕೇಳುವ ನೆನಪು ನನಗೂ ಆಗಲಿಲ್ಲ. ನಿಮ್ಮ ಪೂರಕ ಪರೀಕ್ಷೆಯ ದೃಶ್ಯವನ್ನು ತೆಗೆದು ಒಮ್ಮೆ ಓದಿ ನೋಡಿ.

ಹಸ್ತಪ್ರತಿಯನ್ನು ಅಂಚೆಗೆ ಹಾಕಿದ್ದೇನೆ. ಹದಿನಾಲ್ಕನೆಯ ಪುಟದಲ್ಲಿ ಹುಡುಗ ಕೊಳಲು ಹಿಡಿದು ಬರುವ ಕಡೆ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿರುವೆ. ಅದನ್ನು ಅವನು ಎಷ್ಟು ದುಡ್ಡಿಗೆ ಕೊಂಡ, ಆ ದುಡ್ಡು ಯಾರ ಮನೆಯ ಯಾವ ಡಬ್ಬಿಯಿಂದ ಬಂತು ಎಂಬುದನ್ನು ಬರೆದು ಕಳುಹಿಸಿ.

ನಿಮ್ಮ ಹಿತೈಷಿ