ಬರೀ ಮನೆಯಲ್ಲಿರುವ ಮೊದಲ ಹೆಂಗಸು ನಾನೇ

ನವನಗರ, ಬಾಗಲಕೋಟೆ

ಪ್ರೀತಿಯ ಗೆಳತಿ,

ಆರಾಮ ಇದ್ದೀಯಲ್ಲವ್ವಾ? ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ತಲೆಯಲ್ಲೇ ಕೂತಿದೆ. “ನಿಮ್ಮ ಆಯಿ, ನಿಮ್ಮ ಅವ್ವ, ಈಗ ನೀನು. ಮೂರು ತಲೆಮಾರು ಮನೆಯಲ್ಲೇ ಕಳೆದಿರಿ. ಬಿಎಡ್ ಮಾಡಿ ಏನು ಬಂತು?” ಅಂದೆ. ಬೇಜಾರಾಗಲಿಲ್ಲ. ಆದರೆ ನಿನ್ನ ಲೆಕ್ಕ ತಪ್ಪಿದೆ.

ಗುಳೇದಗುಡ್ಡದ ನಮ್ಮ ಮನೆ ನೀನು ನೋಡಿಲ್ಲ. ಹೊಸ್ತಿಲು ದಾಟಿದರೆ ಮೊದಲು ಮಗ್ಗ, ಆಮೇಲೆ ಮನೆ. ಅಜ್ಜ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲು ಇಳಿಬಿಟ್ಟು ಕುಪ್ಪಸದ ಖಣ ನೇಯುತ್ತಿದ್ದ. ಇಳಕಲ್ ಸೀರೆ ಉಟ್ಟವರಿಗೆ ಗುಳೇದಗುಡ್ಡದ ಖಣವೇ ಬೇಕಲ್ವಾ, ಅದೇ. ನೇಯುವವನು ಅಜ್ಜ, ಸರಿ. ಲಾಳಿಯೊಳಗಿನ ಕಂಡಿಕೆಗೆ, ಅಂದರೆ ಸಣ್ಣ ನಳಿಕೆಗೆ, ನೂಲು ಯಾರು ಸುತ್ತಬೇಕು? ಆಯಿ. ರೊಟ್ಟಿ ಬಡಿದು ಮುಗಿಸಿ ರಾಟಿ ಮುಂದೆ ಕೂತರೆ ಏಳುವುದು ಮತ್ತೆ ಒಲೆ ಹೊತ್ತಿಸುವುದಕ್ಕೆ. ಮಗ್ಗದಲ್ಲಿ ಉದ್ದಕ್ಕೆ ಎಳೆದ ಎಳೆಗಳು, ಅಂದರೆ ಒಂದು ಹಾಸು, ಮುಗಿದರೆ ಕೆಚ್ಚುವ ಕೆಲಸ. ಹಳೆಯ ಎಳೆಯ ತುದಿಗೆ ಹೊಸ ಎಳೆ ಇಟ್ಟು, ಬೆರಳಲ್ಲಿ ಹೊಸೆದು ಕೂಡಿಸುವುದು. ಒಂದೊಂದೇ ಎಳೆ. ಕಣ್ಣು ಹೋಗುವ ಕೆಲಸ ಅದು.

ಕೂಲಿ ಮಾತ್ರ ಅಜ್ಜನ ಕೈಗೆ. ನೂಲು ಕೊಡುವ ಸಾಹುಕಾರರ ಪುಸ್ತಕದಲ್ಲೂ ಅವನದೇ ಹೆಸರು. ಜನಗಣತಿಯವರು ಬಂದರೆ ಆಯಿಯೇ “ನಂದೇನೂ ಇಲ್ರೀ, ಮನ್ಯಾಗ ಇರತೇನಿ” ಅಂತಿದ್ದಳು. ಅವ್ವ ನನ್ನನ್ನು ಕಾಲ ಮೇಲೆ ಹಾಕಿಕೊಂಡೇ ಕಂಡಿಕೆ ಸುತ್ತಿದವಳು. ನನ್ನ ಶಾಲೆಯ ಅರ್ಜಿಯಲ್ಲಿ ಅವಳೂ ‘ಗೃಹಿಣಿ’ಯೇ.

ಪವರ್‌ಲೂಮ್ ಬಂದ ಮೇಲೆ ಅಪ್ಪ ಮಗ್ಗ ಮಾರಿದ. ಕುಣಿಗೆ ಮಣ್ಣು ತುಂಬಿ ಮೇಲೆ ಸಿಮೆಂಟು ಹಾಕಿಸಿದ. ಈಗ ಆ ಜಾಗದಲ್ಲಿ ಫ್ರಿಜ್ ನಿಂತಿದೆ.

ಇತ್ತ ನಮ್ಮ ಅತ್ತೆಯದು ಬೇರೆ ಕತೆ. ಅವರು ಮನೆ ಬಿಟ್ಟು ಹೊರಗೆ ಹೋದವರಲ್ಲ, ಮನೆಯೇ ಅವರನ್ನು ಬಿಟ್ಟು ಹೋಯಿತು. 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದ ಆಲಮಟ್ಟಿ ಅಣೆಕಟ್ಟು ಇದೆಯಲ್ಲ, ಅದರ ಹಿನ್ನೀರು ಘಟಪ್ರಭೆಯಲ್ಲಿ ಒತ್ತಿಕೊಂಡು ಬಂದು ಹಳೆ ಬಾಗಲಕೋಟೆಯ ಓಣಿಗಳನ್ನು ನುಂಗಿತು. ಅಣೆಕಟ್ಟಿನಲ್ಲಿ ನೀರು ನಿಲ್ಲುವ 519.60 ಮೀಟರ್ ಮಟ್ಟ ಅತ್ತೆಗೆ ಬಾಯಿಪಾಠ, ನನ್ನ ಮೊಬೈಲ್ ನಂಬರ್ ಮಾತ್ರ ನೆನಪಿರುವುದಿಲ್ಲ. ಮುಳುಗಡೆಯಾದವರಿಗೆ ಕಟ್ಟಿದ ನವನಗರದ ಸೆಕ್ಟರಿನ ಈ ಮನೆಗೆ ಬಂದು ಇಷ್ಟು ವರ್ಷವಾದರೂ ಹಳೆ ಪೇಟೆಗೆ ಹೊರಟರೆ “ಊರಾಗ ಹೋಗಿ ಬರತೇನಿ” ಅನ್ನುತ್ತಾರೆ. ಹಾಗಾದರೆ ನಾವು ಇರುವುದು ಎಲ್ಲಿ?

ಇನ್ನು ನಾನು. ಎರಡನೆಯವಳು ಹುಟ್ಟಿದ ಮೇಲೆ ಶಾಲೆಯ ಕೆಲಸ ಬಿಟ್ಟೆ. ಯಾರೂ ಬಿಡಿಸಲಿಲ್ಲ. ಅರ್ಧ ಪಗಾರ ಆಟೋಗೇ ಹೋಗುತ್ತಿತ್ತು, ಮಕ್ಕಳನ್ನು ಯಾರದೋ ಮನೆಯಲ್ಲಿ ಬಿಡಲು ಮನಸ್ಸಿರಲಿಲ್ಲ. ಈಗ ಅಡುಗೆ, ಮಕ್ಕಳು, ಹೋಂವರ್ಕ್, ಅತ್ತೆಯ ಬಿಪಿ ಗುಳಿಗೆ. ಅಷ್ಟೇ. ಕಂಡಿಕೆ ಇಲ್ಲ, ಕೆಚ್ಚುವುದಿಲ್ಲ. ಹಾಗೆ ನೋಡಿದರೆ ನಮ್ಮ ತವರಿನ ಕಡೆ ಬರೀ ಮನೆಯಲ್ಲಿರುವ ಮೊದಲ ಹೆಂಗಸು ನಾನೇ! ಅವ್ವ ಬಂದಾಗ ನಾನು ಮಧ್ಯಾಹ್ನ ಒಂದು ಗಳಿಗೆ ಅಡ್ಡಾಗಿದ್ದನ್ನು ನೋಡಿ “ಈ ನಿದ್ದಿ ನಾ ಕಂಡಿದ್ದಿಲ್ಲ ನೋಡ” ಅಂದಳು. ಬೈದಳೋ, ಖುಷಿಪಟ್ಟಳೋ ಗೊತ್ತಾಗಲಿಲ್ಲ. ಕೇಳಲೂ ಇಲ್ಲ.

ಹೋಳಿಗೆ ಬಾ. ಹಲಗಿ ಸಪ್ಪಳ, ಬಣ್ಣದ ಬಂಡಿ ಎಲ್ಲ ನೋಡುವಂತೆ, ಹಳೆ ಬಟ್ಟೆ ತಾ. ಬಣ್ಣ ತೊಳೆದುಕೊಂಡ ಮೇಲೆ ಅತ್ತೆ ಉಡಿ ತುಂಬುತ್ತಾರೆ. ಅಜ್ಜ ನೇಯ್ದ ಖಣ ಒಂದೇ ಒಂದು ಉಳಿದಿದೆ, ಅದನ್ನು ಕೊಡಲ್ಲ. ನಿನಗೆ ಬೇರೆ ತಂದಿಟ್ಟಿದ್ದೇನೆ.

ನಿನ್ನ ಗೆಳತಿ