ಭಾನುವಾರದ ಮಾತುಕತೆ: ಲೈಬೀರಿಯಾದ ಹೆಂಗಸರು

ಅಕ್ಕಂದಿರೇ, ತಂಗಿಯರೇ,

ಈ ಭಾನುವಾರ ಸಂಜೆ 4ಕ್ಕೆ ಡೊಂಬಿವಲಿಯಲ್ಲಿ, ನಮ್ಮ ಎಂದಿನ ಹಾಲ್‌ನಲ್ಲೇ ಸೇರೋಣ. ಈ ಸಲ ಪಶ್ಚಿಮ ಆಫ್ರಿಕಾದ ಲೈಬೀರಿಯಾದ ಹೆಂಗಸರ ಬಗ್ಗೆ ಮಾತು.

ಅಂತರ್ಯುದ್ಧದಲ್ಲಿ ಮಕ್ಕಳ ಕೈಗೂ ಬಂದೂಕು ಕೊಟ್ಟಿದ್ದ ಕಾಲ ಅದು. 2003ರಲ್ಲಿ ಲೇಮಾ ಬೋವಿ ಮತ್ತು ಜೊತೆಗಾರ್ತಿಯರು ರಾಜಧಾನಿ ಮನ್ರೋವಿಯಾದ ಮೀನು ಮಾರುಕಟ್ಟೆ ಬಳಿ, ಯುದ್ಧ ನಿಲ್ಲಿಸಿ ಎಂದು ಕೂತರು. ಕ್ರೈಸ್ತರು, ಮುಸ್ಲಿಮರು ಒಟ್ಟಿಗೆ. ಬಿಳಿ ಟೀ ಶರ್ಟು, ತಲೆಗೆ ಬಿಳಿ ಬಟ್ಟೆ, ಮೈಮೇಲೆ ಒಡವೆ ಇಲ್ಲ. ಬಿಸಿಲಿರಲಿ, ಮಳೆಯಿರಲಿ, ದಿನಾ ಅಲ್ಲೇ. ಅಧ್ಯಕ್ಷ ಚಾರ್ಲ್ಸ್ ಟೇಲರ್ ಓಡಾಡುವ ದಾರಿ ಅದು. ಜಾಗ ಆರಿಸಿದ್ದು ಸುಮ್ನೆ ಅಲ್ಲ!

ನನಗೆ ಮೈ ಜುಂ ಎಂದದ್ದು ಘಾನಾದ ಅಕ್ರಾದಲ್ಲಿ ನಡೆದ ಸಂಗತಿ ಓದಿ. ಶಾಂತಿ ಮಾತುಕತೆ ಸುಮ್ಮನೆ ಎಳೆಯುತ್ತಲೇ ಇತ್ತು. ಇವರು ಹೋಗಿ, ಕೈಗೆ ಕೈ ಹೆಣೆದು, ಬಾಗಿಲಿಗೇ ಅಡ್ಡ ಕೂತರು. ಹಿಡಿಯಲು ಬಂದಾಗ ಲೇಮಾ ಬಟ್ಟೆ ಕಳಚಲು ಎದ್ದು ನಿಂತರು. ತಾಯಿಯಾದವಳನ್ನು ಹಾಗೆ ನೋಡುವುದು ಅಲ್ಲಿ ದೊಡ್ಡ ಶಾಪ. ಕಾವಲಿನವರು ಹಿಂದೆ ಸರಿದರು. ಆಗಸ್ಟ್ 18ಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. 2011ರ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಮೂವರಲ್ಲಿ ಲೇಮಾ ಒಬ್ಬರು.

ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬನ್ನಿ, ಅವರು ಕೇಳಲೇಬೇಕು. ಭಾನುವಾರ ಅಲ್ವಾ, ಮೆಗಾಬ್ಲಾಕ್ (ಹಳಿ ದುರಸ್ತಿಗೆ ಲೋಕಲ್ ರೈಲು ನಿಲ್ಲಿಸುವ ಹೊತ್ತು) ನೋಡಿಕೊಂಡು ಬೇಗ ಹೊರಡಿ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ.