ನೋಯುವ ಕ್ರಿಯಾಪದದ ಬಗ್ಗೆ ಒಂದು ಪತ್ರ

ಪ್ರಿಯ ಮಿತ್ರರೆ,

ಸ್ಪ್ಯಾನಿಷ್‌ನಿಂದ ನೀವು ಅನುವಾದಿಸಿದ ಕಥೆಗಳನ್ನೂ, ನಿಮ್ಮ ಕನ್ನಡದಲ್ಲಿ ದುಃಖವೆಲ್ಲ ಒಣಗಿಹೋಗುತ್ತದೆ ಎಂದು ಬೇಸರದಿಂದ ಬರೆದ ಪತ್ರವನ್ನೂ ಓದಿದೆ. ಪ್ರಕಾಶಕರು, ಮುನ್ನುಡಿ ಮುಂತಾದವುಗಳನ್ನು ಬೇರೆಯವರಲ್ಲಿ ವಿಚಾರಿಸಿ. ನಾನು ಹೇಳಬೇಕಾದುದು ನೀವು ಎಲ್ಲೆಡೆ ಎಡವಿರುವ 'ದೊಲೆರ್' (ನೋಯು) ಎಂಬ ಒಂದು ಸ್ಪ್ಯಾನಿಷ್ ಕ್ರಿಯಾಪದದ ಬಗ್ಗೆ.

ಲ್ಯಾಟಿನ್ನಿನ 'ದೊಲೇರೆ' ಇದರ ಮೂಲ. ಪೋರ್ಚುಗೀಸ್ ನಡುವಿನ ಲಕಾರವನ್ನು ಕಳೆದುಕೊಂಡು 'ದೊಯೆರ್' ಎಂದಿತು; ರೊಮೇನಿಯನ್ ಅದನ್ನು ರಕಾರವಾಗಿಸಿ 'ದುರೆಯಾ' ಎಂದಿತು. ಫ್ರೆಂಚರು ಕ್ರಿಯಾಪದವನ್ನು ಬಳಕೆಯಿಂದ ಬಿಟ್ಟು, ನೋವು ಮತ್ತು ಸೂತಕದ ದುಃಖವನ್ನು ಹೇಳುವ ನಾಮಪದಗಳನ್ನು ಮಾತ್ರ ಉಳಿಸಿಕೊಂಡರು. ಇಟಾಲಿಯನ್ನಿನ 'ಮಿ ದುವೋಲೆ' ಇಂದು ಹೆಚ್ಚಾಗಿ ಶಿಷ್ಟಾಚಾರದ ವಿಷಾದಕ್ಕೆ ಸಲ್ಲುತ್ತದೆ, ನಮ್ಮ ಪ್ರಕಟಣೆಗಳ 'ವಿಷಾದಿಸುತ್ತೇವೆ' ಎಂಬುದರಂತೆ. ಸ್ಪ್ಯಾನಿಷ್‌ನಲ್ಲಾದರೋ ಹಲ್ಲು ನೋಯುವುದಕ್ಕೂ ಅಗಲಿಕೆ ನೋಯುವುದಕ್ಕೂ ದಿನಬಳಕೆಯ ಅದೇ ಕ್ರಿಯಾಪದ ಸಾಕಾಗುತ್ತದೆ.

ತಲೆನೋವಿನ ಸ್ಪ್ಯಾನಿಷ್ ವಾಕ್ಯದಲ್ಲಿ ನೋಯುವುದು ತಲೆ; ಅದೇ ಕರ್ತೃ. ನೋವುಂಡವನು ಚತುರ್ಥಿ ವಿಭಕ್ತಿಯಲ್ಲಿ ನಿಲ್ಲುತ್ತಾನೆ. 'ನನಗೆ ತಲೆ ನೋಯುತ್ತಿದೆ' ಎನ್ನುವ ಕನ್ನಡದಲ್ಲಿಯೂ ಹಾಗೆಯೇ. ಇಷ್ಟು ಹತ್ತಿರದ ದಾರಿಯಿರುವಾಗ 'ನಾನು ತಲೆಯಲ್ಲಿ ವೇದನೆಯನ್ನು ಅನುಭವಿಸಿದೆ' ಎಂದು ಇಂಗ್ಲಿಷನ್ನು ಸುತ್ತಿ ಬಂದಿರಲ್ಲ, ಏಕೆ? ನನ್ನ ಮೊದಲ ಕಥೆಯ 'ನೊಂದಳು' ಎಂಬುದನ್ನು 'ವ್ಯಥಿತಳಾದಳು' ಎಂದು ತಿದ್ದಿ ಅಚ್ಚು ಹಾಕಿದ ಸಂಪಾದಕರೊಬ್ಬರಿದ್ದರು. ಅವರ ಮೇಲಿನ ಸಿಟ್ಟು ನನಗಿನ್ನೂ ಆರಿಲ್ಲ. ಅವರ ವಾರಸುದಾರರಂತೆ ನೀವು ಬರೆದಿರುವುದನ್ನು ಕಂಡು ಆ ಸಿಟ್ಟು ನಿಮ್ಮ ಮೇಲೂ ಸ್ವಲ್ಪ ತಿರುಗಿತು.

ಮೂರನೆಯ ಕಥೆಯಲ್ಲಿ ತಪ್ಪು ಇನ್ನೂ ಆಳವಾದುದು. ತಾಯಿಯನ್ನು ಬಿಟ್ಟುಬಂದದ್ದರ ಬಗ್ಗೆ ಮಗಳು ಹೇಳುವ 'ಮೆ ದ್ವೆಲೆ' (ನನಗೆ ನೋಯುತ್ತದೆ) ನಿಮ್ಮಲ್ಲಿ 'ಪಶ್ಚಾತ್ತಾಪ ಪಡುತ್ತೇನೆ' ಎಂದಾಗಿದೆ. ಪಶ್ಚಾತ್ತಾಪಕ್ಕೆ ಆ ಭಾಷೆಯಲ್ಲಿ 'ಅರ್ರೆಪೆಂತಿರ್ಸೆ' ಎಂಬ ಬೇರೆಯದೇ ಕ್ರಿಯಾಪದವಿದೆ. ಅದರ ಕರ್ತೃ ಸ್ವತಃ ಆ ವ್ಯಕ್ತಿ. ತಾನು ಮಾಡಿದ್ದು ಬೇಡವಾಗಿತ್ತೆಂದು ಆಕೆ ಒಪ್ಪಿಕೊಳ್ಳುತ್ತಾಳೆ. ಈ ಮಗಳು ಒಪ್ಪಿಕೊಂಡಿಲ್ಲ. ಮತ್ತೆ ಅವಕಾಶ ಸಿಕ್ಕರೂ ಆಕೆ ಮನೆ ಬಿಟ್ಟೇ ಹೊರಡುತ್ತಾಳೆ, ಆದರೂ ಬಿಟ್ಟುಬಂದದ್ದು ಆಕೆಗೆ ನೋಯುತ್ತದೆ. ಕಥೆಯ ಜೀವವೇ ಇಲ್ಲಿದೆ, ಮಹರಾಯರೆ! ನೀವು ಆಕೆಯಿಂದ ಕ್ಷಮೆ ಕೇಳಿಸಿ ಕಥೆಯನ್ನು ಮುಗಿಸಿಬಿಟ್ಟಿದ್ದೀರಿ.

ನಿಮ್ಮ ಕಿವಿ ಒಳ್ಳೆಯದು; ಅಜ್ಜಿಯ ಸಂಭಾಷಣೆಗಳಲ್ಲಿ ಅದು ಕಾಣುತ್ತದೆ. ಆ ಭಾಗಗಳನ್ನು ಮುಟ್ಟದೆ, ಮೂರನೆಯ ಕಥೆಯನ್ನು ಮಾತ್ರ ಮೊದಲಿನಿಂದ ಮಾಡಿ ನನಗೆ ಕಳುಹಿಸಿ.

ನಿಮ್ಮ ಹಿತೈಷಿ